ದೋಸ್ತ, ಆ ಕರಾಟೆ ಸಿನಿಮಾ ಮಗನಿಗೆ ತೋರಿಸಬೇಕಾ?

ಪ್ರೀತಿಯ ದೋಸ್ತ,

ಮಗ 'ದಿ ಕರಾಟೆ ಕಿಡ್' ನೋಡಬೇಕು ಅಂತ ಹಟ ಹಿಡಿದಿದ್ದಾನೆ, ತೋರಿಸಲಾ ಬೇಡವಾ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಸುರಪುರದಿಂದ ಯಾದಗಿರಿಗೆ ಬಂದು ಹೊಸ ಶಾಲೆ ಸೇರಿದ್ದಾನೆ, ಅಲ್ಲಿ ನಾಲ್ಕೈದು ಹುಡುಗರು ಅವನನ್ನು ಕಾಡುತ್ತಾರೆ, ಅದಕ್ಕೇ ಕರಾಟೆ ಹುಚ್ಚು ಹತ್ತಿದೆ ಅಂತಲೂ ಹೇಳಿದೆ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತೋರಿಸು. ಆದರೆ ಅವನೊಬ್ಬನನ್ನೇ ಮೊಬೈಲ್ ಕೊಟ್ಟು ಕೂರಿಸಬೇಡ. ನೀನೂ ಪಕ್ಕದಲ್ಲಿ ಕೂತು ನೋಡು. ಯಾಕೆ ಅಂತ ಹೇಳ್ತೀನಿ.

ಇದೇ ಹೆಸರಿನಲ್ಲಿ ಎರಡು ಸಿನಿಮಾ ಇವೆ. ಒಂದು 1984ರದ್ದು, ಇನ್ನೊಂದು 2010ರದ್ದು. ಜಾಕಿ ಚಾನ್ ಇರುವುದು ಎರಡನೆಯದರಲ್ಲಿ. ಮಗ ಕೇಳುತ್ತಿರುವುದು ಅದೇ ಇರಬೇಕು. ಆದರೂ ನೀನು ಹಳೆಯದರಿಂದಲೇ ಶುರು ಮಾಡು.

ಹಳೆಯದರಲ್ಲಿ ಡೇನಿಯಲ್ ಎಂಬ ಹುಡುಗ. ತಂದೆ ಇಲ್ಲ. ತಾಯಿಗೆ ಹೊಸ ಕೆಲಸ ಸಿಕ್ಕಿದ್ದಕ್ಕೆ ನ್ಯೂಜೆರ್ಸಿ ಬಿಟ್ಟು ಲಾಸ್ ಏಂಜಲೀಸಿಗೆ ಬರುತ್ತಾನೆ. ಹೊಸ ಊರು, ಹೊಸ ಶಾಲೆ, ಗೆಳೆಯರಿಲ್ಲ. ಕರಾಟೆ ಕಲಿತ ಹುಡುಗರ ಗುಂಪೊಂದು ಅವನನ್ನು ಹಿಡಿದು ಹೊಡೆಯುತ್ತದೆ. ಅವರಿರುವ ಅಪಾರ್ಟ್‌ಮೆಂಟಿನಲ್ಲಿ ನಲ್ಲಿ ರಿಪೇರಿ, ಸಣ್ಣಪುಟ್ಟ ಕೆಲಸ ಮಾಡಿಕೊಂಡಿರುವ ಒಬ್ಬ ಮುದುಕ, ಮಿಯಾಗಿ. ಜಪಾನಿನ ಓಕಿನಾವಾ ದ್ವೀಪದವನು. ಕರಾಟೆ ಹುಟ್ಟಿದ ನೆಲವೇ ಅದು. ಆ ಮುದುಕ ಹುಡುಗನಿಗೆ ಕಲಿಸಲು ಒಪ್ಪುತ್ತಾನೆ.

ಮೊದಲ ದಿನ ಏನು ಕಲಿಸುತ್ತಾನೆ ಗೊತ್ತಾ? ಸಾಲಾಗಿ ನಿಂತ ಹಳೇ ಕಾರುಗಳನ್ನು ತೊಳೆದು ಮೇಣ ಹಚ್ಚು ಅನ್ನುತ್ತಾನೆ. ಬಲಗೈಯಲ್ಲಿ ಹಚ್ಚು, ಎಡಗೈಯಲ್ಲಿ ಒರೆಸು. ಮರುದಿನ ಅಂಗಳದ ಹಲಗೆಗಳನ್ನು ಉಜ್ಜು. ಆಮೇಲೆ ಬೇಲಿಗೆ ಬಣ್ಣ, ಆಮೇಲೆ ಮನೆಗೆ ಬಣ್ಣ. ಹುಡುಗ ಸಿಟ್ಟಿಗೇಳುತ್ತಾನೆ, ನನ್ನನ್ನು ಕೂಲಿಯವನ ಹಾಗೆ ದುಡಿಸಿಕೊಳ್ಳುತ್ತಿದ್ದೀಯಾ ಅಂತ. ಆಗ ಮುದುಕ ಅವನ ಮೇಲೆ ಗುದ್ದು ಬೀಸುತ್ತಾನೆ. ಹುಡುಗನ ಕೈ ತಾನಾಗಿಯೇ ಎದ್ದು ಅದನ್ನು ತಡೆಯುತ್ತದೆ. ಮೇಣ ಹಚ್ಚಿದ ಕೈ, ಬಣ್ಣ ಬಳಿದ ಕೈ, ಎಲ್ಲವೂ ತಡೆಯುವ ಪಟ್ಟುಗಳಾಗಿವೆ. ಆ ಕ್ಷಣ ಮಗನ ಮುಖ ನೋಡು. ಅವನಿಗೆ ಏನೂ ವಿವರಿಸಬೇಕಾಗಿಲ್ಲ.

ನಮ್ಮ ಕಡೆ ಇದನ್ನು ಅರ್ಥ ಮಾಡಿಕೊಳ್ಳುವುದು ಇನ್ನೂ ಸುಲಭ. ತಾಲೀಮಿಗೆ ಹೊಸದಾಗಿ ಬಂದ ಹುಡುಗನನ್ನು ವಸ್ತಾದರು ಬಂದ ದಿನವೇ ಕುಸ್ತಿಗೆ ಬಿಡುತ್ತಾರಾ? ಇಲ್ಲ. ಸಲಿಕೆ ಕೊಟ್ಟು ಕೆಮ್ಮಣ್ಣು ಅಗೆದು ಹದ ಮಾಡು ಅನ್ನುತ್ತಾರೆ. ಆ ಅಗೆತದಲ್ಲೇ ಹೆಗಲು, ಸೊಂಟ, ಮುಂಗೈ ಗಟ್ಟಿಯಾಗುತ್ತವೆ. ಜೊತೆಗೆ ಹುಡುಗ ನಿಲ್ಲುವವನೋ ಓಡಿಹೋಗುವವನೋ ಅನ್ನುವುದೂ ವಸ್ತಾದರಿಗೆ ಗೊತ್ತಾಗುತ್ತದೆ. ಜಾತ್ರೆಯ ಕುಸ್ತಿ ನೋಡಿ ಬೆಳೆದವರು ನಾವು. ಈ ಮಾತು ಮಗನಿಗೆ ನೀನೇ ಹೇಳಬೇಕು.

ಮಿಯಾಗಿ ಪಾತ್ರ ಮಾಡಿದವರು ಪ್ಯಾಟ್ ಮೊರಿಟಾ. ಈ ಪಾತ್ರಕ್ಕೆ ಅವರ ಹೆಸರು ಪೋಷಕ ನಟನ ಆಸ್ಕರ್ ಪಟ್ಟಿಗೆ ಹೋಗಿತ್ತು. ಅವರು ಕರಾಟೆ ಪಟುವಲ್ಲ, ಜನರನ್ನು ನಗಿಸುವ ಕಲಾವಿದ. ಚಿಕ್ಕಂದಿನಲ್ಲಿ ಬೆನ್ನುಮೂಳೆಯ ಕ್ಷಯ ಬಂದು ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಮಲಗಿದ್ದವರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತಲ್ಲ, ಆಸ್ಪತ್ರೆಯಿಂದ ಬಿಡುಗಡೆಯಾದ ಆ ಹುಡುಗನನ್ನು ನೇರ ಅಂಥ ಶಿಬಿರಕ್ಕೇ ಸೇರಿಸಿದರು. ಸಿನಿಮಾದಲ್ಲೂ ಒಂದು ರಾತ್ರಿ ಮಿಯಾಗಿ ಕುಡಿದು, ಹಳೇ ಸೈನಿಕನ ಸಮವಸ್ತ್ರದಲ್ಲಿ ಕೂತಿರುತ್ತಾನೆ. ಅವನು ಅಮೆರಿಕದ ಪರವಾಗಿ ಯುರೋಪಿನಲ್ಲಿ ಕಾದಾಡುತ್ತಿದ್ದಾಗ, ಅವನ ಹೆಂಡತಿ ಅದೇ ದೇಶದ ಶಿಬಿರವೊಂದರಲ್ಲಿ ಹೆರಿಗೆಯಾಗುವಾಗ ಕೂಸಿನ ಸಮೇತ ಸತ್ತಿರುತ್ತಾಳೆ. ಒಂದೂ ಹೊಡೆತವಿಲ್ಲದ ಈ ದೃಶ್ಯಕ್ಕಾಗಿಯೇ ನಾನು ಈ ಸಿನಿಮಾ ಮತ್ತೆ ಮತ್ತೆ ನೋಡುತ್ತೇನೆ. ಮಗನಿಗೆ ಇದು ಪೂರ್ತಿ ತಿಳಿಯಲಿಕ್ಕಿಲ್ಲ. ನಿನಗೆ ತಿಳಿಯುತ್ತದೆ.

ಇನ್ನೊಬ್ಬ ಗುರು ಇದ್ದಾನೆ, ಕ್ರೀಸ್. ಕಾಡುವ ಹುಡುಗರಿಗೆ ಕಲಿಸಿದವನು. ಮೊದಲು ಹೊಡಿ, ಜೋರಾಗಿ ಹೊಡಿ, ದಯೆ ತೋರಿಸಬೇಡ, ಇದೇ ಅವನ ಪಾಠ. ಕೊನೆಯ ಪಂದ್ಯಾವಳಿಯಲ್ಲಿ ತನ್ನ ಶಿಷ್ಯನೊಬ್ಬನಿಗೆ ಎದುರಾಳಿಯ ಕಾಲು ಮುರಿಯುವ ಹಾಗೆ ಹೊಡೆಯಲು ಹೇಳುತ್ತಾನೆ. ಆ ಶಿಷ್ಯನಿಗೆ ಮನಸ್ಸಿಲ್ಲ. ಆದರೂ ಹೊಡೆಯುತ್ತಾನೆ, ಹೊಡೆದ ಮೇಲೆ ಕ್ಷಮೆ ಕೇಳುತ್ತಾನೆ. ಇಲ್ಲಿ ಸಿನಿಮಾ ನಿಲ್ಲಿಸಿ ಮಗನ ಜೊತೆ ಮಾತಾಡು. ಶಾಲೆಯಲ್ಲಿ ಅವನನ್ನು ಕಾಡುವ ಹುಡುಗರ ಹಿಂದೆಯೂ ಯಾರೋ ಒಬ್ಬ ಹಿರಿಯ, ಯಾವುದೋ ಒಂದು ಪಾಠ ಇರಬಹುದು ಅಲ್ವಾ? ಡೇನಿಯಲ್ ಕೂಡ ಪೂರ್ತಿ ಮುಗ್ಧನಲ್ಲ. ಒಮ್ಮೆ ಸುಮ್ನೆ ಕೂತಿದ್ದ ಹುಡುಗನ ಮೇಲೆ ಪೈಪಿನಿಂದ ನೀರು ಬಿಟ್ಟು ಓಡುತ್ತಾನೆ. ಅದನ್ನೂ ಮಗ ಗಮನಿಸಲಿ.

ಕೊರತೆಗಳನ್ನೂ ಹೇಳಬೇಕು. ಎರಡು ತಾಸಿಗೂ ಜಾಸ್ತಿ ಇದೆ, ನಡುವೆ ಪ್ರೀತಿ, ಹಾಡು ಅಂತ ಸ್ವಲ್ಪ ಎಳೆಯುತ್ತದೆ. ಹುಡುಗಿಗೆ ನಿಂತು ನೋಡುವುದು ಬಿಟ್ಟು ಹೆಚ್ಚೇನೂ ಕೆಲಸ ಕೊಟ್ಟಿಲ್ಲ. ನನಗೆ ಇದು ಬೇಸರ. ನಮ್ಮ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಹುಡುಗಿಯರಿಗೇ ಕರಾಟೆ ಹೇಳಿಕೊಡುವ ಕಾಲ ಇದು. ಮಗಳನ್ನೂ ಕೂರಿಸಿಕೊಂಡು ನೋಡು, ಆದರೆ ಈ ಮಾತನ್ನು ಅವಳಿಗೆ ಮೊದಲೇ ಹೇಳಿರು.

ದೊಡ್ಡ ಸುಳ್ಳು ಇನ್ನೊಂದಿದೆ. ಎರಡು ತಿಂಗಳೂ ತುಂಬದೆ ಡೇನಿಯಲ್ ಪಂದ್ಯಾವಳಿಗೆ ಇಳಿಯುತ್ತಾನೆ. ನಿಜವಾದ ಕರಾಟೆಯಲ್ಲಿ ಬಿಳಿ ಬೆಲ್ಟಿನಿಂದ ಕಪ್ಪು ಬೆಲ್ಟಿಗೆ ಹೋಗಲು ವರ್ಷಗಳೇ ಬೇಕು. ನಿಲ್ಲುವುದು, ಗುದ್ದುವುದು, ತಡೆಯುವುದು ಎಂಬ ಮೂಲ ಪಾಠ ಮೊದಲು, ಆಮೇಲೆ ಕಟಾ, ಅಂದರೆ ಒಬ್ಬನೇ ನಿಂತು ಪಟ್ಟುಗಳನ್ನು ಗೊತ್ತಾದ ಕ್ರಮದಲ್ಲಿ ಮಾಡುವುದು, ಆಮೇಲೆ ಕುಮಿಟೆ, ಅಂದರೆ ಎದುರಾಳಿಯ ಜೊತೆ ಸೆಣಸುವುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಇತ್ತಲ್ಲ, ಅಲ್ಲೂ ಹಿಡಿತ ತಪ್ಪಿ ಜೋರಾಗಿ ಹೊಡೆದವನಿಗೆ ದಂಡವೇ ಹೊರತು ಶಹಬ್ಬಾಸ್ ಇಲ್ಲ. ಸಿನಿಮಾದಲ್ಲಿ ಒಂಟಿಕಾಲಲ್ಲಿ ನಿಂತು ಒದೆಯುವುದನ್ನು ನೋಡಿ ಮಗ ಮನೆಯಲ್ಲಿ ಹಾರುತ್ತಾನೆ, ಖಂಡಿತ. ಹಾರಲಿ, ಆದರೆ ಮಂಚದ ಮೇಲಿಂದ ಬೇಡ.

2010ರದ್ದೂ ಚೆನ್ನಾಗಿದೆ. ಹೆಸರು ಕರಾಟೆ, ಕಲಿಸುವುದು ಮಾತ್ರ ಕುಂಗ್ ಫು. ಅಮೆರಿಕದ ಹುಡುಗ ಬೀಜಿಂಗ್‌ಗೆ ಹೋಗುತ್ತಾನೆ. ಅಲ್ಲಿ ಕಾರಿಗೆ ಮೇಣ ಹಚ್ಚುವ ಬದಲು ಜಾಕೆಟ್ ಹಾಕು, ತೆಗೆ, ನೇತುಹಾಕು. ಜಾಕಿ ಚಾನ್ ನಗಿಸುವುದನ್ನು ಬಿಟ್ಟು ನೋವು ತುಂಬಿದ ಮನುಷ್ಯನಾಗಿ ನಟಿಸಿದ್ದಾರೆ. ಆದರೆ ಪಾತ್ರಗಳೆಲ್ಲ ಇನ್ನೂ ಚಿಕ್ಕ ಮಕ್ಕಳು, ಹೊಡೆತ ಮಾತ್ರ ದೊಡ್ಡವರ ಹಾಗೆ ಬೀಳುತ್ತದೆ. ಈಗಾಗಲೇ ಹೆದರಿರುವ ಹುಡುಗನಿಗೆ ಮೊದಲು ಇದನ್ನು ತೋರಿಸುವುದು ಬೇಡ. 2025ರಲ್ಲಿ ಬಂದ 'ಕರಾಟೆ ಕಿಡ್: ಲೆಜೆಂಡ್ಸ್' ಹಿಂದಿಯಲ್ಲೂ ಇದೆ, ಅಜಯ್ ದೇವಗನ್ ಮತ್ತು ಅವರ ಮಗ ದನಿ ಕೊಟ್ಟಿದ್ದಾರೆ. ಹೊತ್ತು ಕಳೆಯಲು ಅಡ್ಡಿಯಿಲ್ಲ. ಗುರು ಶಿಷ್ಯ ಕೂತು ಮಾತಾಡುವಷ್ಟು ಪುರುಸೊತ್ತು ಮಾತ್ರ ಅದರಲ್ಲಿಲ್ಲ.

ಇನ್ನು ಕ್ಲಾಸಿನ ವಿಷಯ. ಸೇರಿಸುವ ಮೊದಲು ನೀನೇ ಹೋಗಿ ಒಂದು ದಿನ ನಿಂತು ನೋಡು. ಇಲ್ಲಿ ಕಲಬುರಗಿಯಲ್ಲಿ ನಮ್ಮ ಅಕ್ಕನ ಮಗನಿಗಾಗಿ ನಾನು ಹಾಗೇ ಮಾಡಿದೆ. ಒಂದು ಕಡೆ ಮಾಸ್ತರು ಮೊದಲ ವಾರದ ಮಕ್ಕಳನ್ನೇ ಒಬ್ಬರಿಗೊಬ್ಬರು ಹೊಡೆದಾಡಲು ಬಿಟ್ಟಿದ್ದರು, ಅತ್ತವನನ್ನು ಹೀಯಾಳಿಸುತ್ತಿದ್ದರು. ಹಾಗೇ ವಾಪಸ್ ಬಂದೆ. ಇನ್ನೊಂದು ಕಡೆ ಮಕ್ಕಳು ಅರ್ಧ ತಾಸು ಬರೀ ಸರಿಯಾಗಿ ನಿಲ್ಲುವುದನ್ನೇ ಕಲಿಯುತ್ತಿದ್ದರು. ಅಲ್ಲಿಗೇ ಸೇರಿಸಿದೆವು. ಮಾಸ್ತರು ಬಿದ್ದ ಮಗುವಿನ ಹತ್ತಿರ ಹೋಗುತ್ತಾರಾ, ಗೆದ್ದ ಮಗುವಿನ ಹತ್ತಿರ ಹೋಗುತ್ತಾರಾ, ಅಷ್ಟು ನೋಡಿಕೋ.

ಕಾಡುವ ಹುಡುಗರ ವಿಷಯ ಕ್ಲಾಸ್ ಟೀಚರ್‌ಗೆ ಈ ವಾರವೇ ಹೇಳು. ಕರಾಟೆ ಬರುವ ತನಕ ಅದು ಕಾಯಬಾರದು. ಸಿನಿಮಾದ ಮಿಯಾಗಿ ಕೂಡ ಹುಡುಗನಿಗೆ ಕಲಿಸುವ ಮುಂಚೆ ಕಾಡುವ ಹುಡುಗರ ಗುರು ಕ್ರೀಸ್‌ನ ಬಳಿಗೆ ತಾನೇ ಹೋಗಿ ಮಾತಾಡುತ್ತಾನೆ.

ಇಂಗ್ಲಿಷ್ ಕಷ್ಟ ಅಂತ ಚಿಂತೆ ಬೇಡ. ಮಿಯಾಗಿ ಮಾತಾಡುವುದೇ ಕಡಿಮೆ, ಉಳಿದದ್ದನ್ನು ನೀನು ಹೇಳು. ಶನಿವಾರ ರಾತ್ರಿ ಬೇಗ ಊಟ ಮುಗಿಸಿ ಶುರು ಮಾಡಿ. ನೋಡಿದ ಮೇಲೆ ಮಗನ ಕೈಗೆ ಫೋನ್ ಕೊಡು, ಅವನಿಗೆ ಯಾವ ಗುರು ಇಷ್ಟವಾದ ಅಂತ ಅವನ ಬಾಯಿಂದಲೇ ಕೇಳಬೇಕು.

ನಿನ್ನ ದೋಸ್ತ,
ಕಲಬುರಗಿಯಿಂದ