ಶಿರಸಿಯ ಆ ಹಿರಿಯ ಮೆಕ್ಯಾನಿಕ್‌ಗೆ

ಅಪ್ಪನ ಹಳೇ ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟಿಸಿ ತಿಂಗಳೂ ಆಗಿರಲಿಲ್ಲ. ದೇವಿಮನೆ ಘಾಟಿ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಕೆಳಗೆಲ್ಲ ಆಯಿಲ್. ಭಾನುವಾರ ಬೇರೆ. ಚಹಾ ಅಂಗಡಿಯಲ್ಲಿ ಕೂತಿದ್ದ ನೀವು ಅರ್ಧ ಲೋಟ ಅಲ್ಲೇ ಬಿಟ್ಟು ಎದ್ದಿರಿ, ನಿಮ್ಮ ಶೆಡ್ ಬಾಗಿಲು ತೆಗೆದಿರಿ.

ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಗಡಿನ ಸಂಪ್ ಬಿಚ್ಚಿ, ಅದರ ಅಂಚಿಗೆ ಸ್ಕೇಲ್ ಹಿಡಿದು ತೋರಿಸಿದಿರಿ. ಬೋಲ್ಟ್ ತೂತಿನ ಸುತ್ತ ತಗಡು ಉಬ್ಬಿತ್ತು. "ಜಾಸ್ತಿ ಬಿಗಿದರೆ ಹೀಗೇ ಆಗ್ತದೆ, ತಮ್ಮಾ." ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸಮ ಮಾಡಿದಿರಿ. ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದಿರಿ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪನ್ನೂ ಬಾಯಲ್ಲಿ ಊದಿ ನೋಡಿದಿರಿ. ಅದು ಕಟ್ಟಿದರೆ ಒಳಗಿನ ಒತ್ತಡವೇ ಆಯಿಲನ್ನು ಹೊರಗೆ ದೂಡುತ್ತದಂತೆ.

ಕೊನೆಗೆ ಕೆಳಗೆ ಹಳೇ ಪೇಪರ್ ಹಾಸಿ ಎಂಜಿನ್ ಓಡಿಸಿದಿರಿ. ಒಂದು ಹನಿಯೂ ಇಲ್ಲ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ನನಗೆ ಆಗ ನೆನಪಾಯಿತು. ಹೆಸರು ಕೇಳುವುದನ್ನೇ ಮರೆತೆ. ತುಂಬಾ ಥ್ಯಾಂಕ್ಸ್, ಮಾಮ. ಆ ಅರ್ಧ ಲೋಟ ಚಹಾ ನನ್ನ ಲೆಕ್ಕದಲ್ಲಿ ಬಾಕಿ ಇದೆ.