ಎರಡು ಸಾವಿರ ಮೀಟರ್, ಕೂತಲ್ಲೇ

ಗೆಳೆಯ,

ನಿನ್ನ ಹೆಸರು ಇಲ್ಲಿ ಬರೆಯುತ್ತಿಲ್ಲ. ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ, ಇನ್ನು ಇನ್ನೂರು ಮೀಟರ್ ಉಳಿದಿರುವ ಕಡೆ ಸುಣ್ಣದ ಗೆರೆಯ ಪಕ್ಕ ನಿಂತು, ಗಂಟಲು ಹರಿಯುವ ಹಾಗೆ "ಕೈ ಬಿಡಬೇಡ ಕಣ್ಲಾ, ಕೈ, ಕೈ!" ಅಂತ ಕೂಗುತ್ತಿದ್ದವನು ಯಾರು ಅಂತ ನಿನಗಂತೂ ಗೊತ್ತು. ಅಷ್ಟು ಸಾಕು.

ಹೋದ ತಿಂಗಳು ಫೋನ್ ಮಾಡಿದಾಗ ನೀನು ಕಬ್ಬು ಕಡಿಸುತ್ತಿದ್ದೆ, ಆಳುಗಳ ಗಲಾಟೆ, ಟ್ರಾಕ್ಟರ್ ಸದ್ದು, ಎರಡು ಮಾತಿಗೆ ಮುಗಿದು ಹೋಯಿತು. ಹೇಳಬೇಕಾದದ್ದು ಹಾಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತಲೇ ಇಲ್ಲಿ ಹಾಕಿದ್ದೇನೆ. ಒಂದು ಕಾಲದಲ್ಲಿ ಓಡಿ, ಆಮೇಲೆ ಕೆಲಸ, ಮದುವೆ, ಜಮೀನು ಅಂತ ಬಿಟ್ಟವರು ಈ ಮೈಸೂರು ಮಂಡ್ಯ ಕಡೆ ನಾವಿಬ್ಬರೇ ಅಲ್ಲವಲ್ಲ.

ವಿಷಯ ಏನೆಂದರೆ, ನಾನು ಮತ್ತೆ ರೇಸಿಗೆ ಇಳಿಯುತ್ತಿದ್ದೇನೆ. ಓಟ ಅಲ್ಲ. ರೋಯಿಂಗ್, ಅಂದರೆ ದೋಣಿಗೆ ಹುಟ್ಟು ಹಾಕುವ ಆಟ. ಅದೂ ನೀರಿನ ಮೇಲಲ್ಲ, ಮೆಷಿನ್ ಮೇಲೆ.

ಶುರುವಾದದ್ದು ದಸರಾದಲ್ಲಿ. ಮಗಳನ್ನು ಕರೆದುಕೊಂಡು ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಹೋಗಿದ್ದೆ, ದಸರಾ ಕ್ರೀಡಾಕೂಟ ನೋಡೋಣ ಅಂತ. ಹುಡುಗರ 800 ಮೀಟರ್ ಬಂತು. ಮೊದಲ ಸುತ್ತು ಮುಗಿದು ಗಂಟೆ ಹೊಡೆದರು ನೋಡು, ನನ್ನ ಬಾಯಿಂದ ತಾನಾಗಿಯೇ "ಐವತ್ತೆಂಟು" ಅಂತ ಬಂತು. ಮಗಳು ಸುಮ್ನೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ್ದಳು. 58.4 ತೋರಿಸಿತು. "ಅಪ್ಪ, ನಿಂಗೆ ಹೆಂಗೆ ಗೊತ್ತಾಯ್ತು?" ಅಂದಳು. ನನಗೆ ಮಾತೇ ಬರಲಿಲ್ಲ ಕಣೋ. ಇಪ್ಪತ್ತು ವರ್ಷ ಆಗಿದೆ ಟ್ರ್ಯಾಕ್ ಬಿಟ್ಟು, ಆ ಗಡಿಯಾರ ಇನ್ನೂ ಒಳಗೆ ನಡೆಯುತ್ತಲೇ ಇದೆ. ಅದನ್ನು ಇಟ್ಟುಕೊಂಡು ನಾನು ಏನು ಮಾಡುತ್ತಿದ್ದೇನೆ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಓಡುವ ಹಾಗಿಲ್ಲ, ನಿನಗೆ ಗೊತ್ತು. ಎಡ ಮಂಡಿಯ ಒಳಗಿನ ಮೆತ್ತೆ ಹರಿದಿದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಬಹುದು, ಓಡಿದರೆ ಮಾರನೇ ದಿನ ಊದಿಕೊಳ್ಳುತ್ತದೆ. ಸೈಕಲ್ ತುಳಿದೆ, ಈಜಿದೆ. ಎರಡೂ ಒಳ್ಳೆಯದೇ. ಆದರೆ ಎರಡರಲ್ಲೂ ನನಗೆ ಬೇಕಾದದ್ದು ಸಿಗಲಿಲ್ಲ. ನಾನು ಹೋಗುವ ಜಿಮ್ಮಿನ ಮೂಲೆಯಲ್ಲಿ ಒಂದು ರೋಯಿಂಗ್ ಮೆಷಿನ್ ಇತ್ತು, ಯಾರೂ ಮುಟ್ಟುತ್ತಿರಲಿಲ್ಲ, ಅದರ ಮೇಲೆ ಟವೆಲ್ ಒಣಗಲು ಹಾಕುತ್ತಿದ್ದರು. ಒಂದು ದಿನ ಟವೆಲ್ ತೆಗೆದಿಟ್ಟು ಕೂತೆ.

ನೋಡಿಲ್ಲದಿದ್ದರೆ ಹೇಳುತ್ತೇನೆ. ಮುಂದೆ ಒಂದು ಜಾಲರಿ ಗೂಡು, ಅದರೊಳಗೆ ರೆಕ್ಕೆಗಳಿರುವ ಚಕ್ರ. ಆ ಚಕ್ರಕ್ಕೆ ಸರಪಳಿ, ಸರಪಳಿಯ ತುದಿಗೆ ಹಿಡಿ. ಕೂರುವ ಸೀಟು ಉದ್ದನೆಯ ಕಂಬಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಪಾದ ಕಟ್ಟಿಕೊಂಡು, ಹಿಡಿ ಹಿಡಿದು ಎಳೆದರೆ ಚಕ್ರ ಗಾಳಿಯನ್ನು ಕಡೆಯುತ್ತದೆ, ಆ ಗಾಳಿಯೇ ನಿನಗೆ ಎದುರು. ಎಷ್ಟು ಜೋರಾಗಿ ಎಳೆಯುತ್ತೀಯೋ ಅಷ್ಟು ಜೋರಾಗಿ ಅದು ತಡೆಯುತ್ತದೆ. ಅಮೆರಿಕದ ವರ್ಮಾಂಟ್‌ನಲ್ಲಿ ತಾವೇ ರೋಯಿಂಗ್ ಮಾಡುತ್ತಿದ್ದ ಡ್ರೈಸಿಗ್ಯಾಕರ್ ಅಣ್ಣತಮ್ಮಂದಿರು 1981ರಲ್ಲಿ ಸೈಕಲ್ ಚಕ್ರಕ್ಕೆ ರೆಕ್ಕೆ ಕಟ್ಟಿ ತಮ್ಮ ಮೊದಲ ಮೆಷಿನ್ ಮಾಡಿದರು. ಅವರ ಕಾನ್ಸೆಪ್ಟ್ ಟೂ ಮೆಷಿನ್ನೇ ಈಗ ರೇಸುಗಳಲ್ಲಿ ಬಳಸುವುದು. ನಮ್ಮ ಜಿಮ್ಮಿನಲ್ಲಿರುವುದೂ ಅದೇ.

ನಮ್ಮ ಕಡೆ ಹುಟ್ಟು ಹಾಕೋದು ಅಂದರೆ ಹರಿಗೋಲು ಅಲ್ವಾ. ಶ್ರೀರಂಗಪಟ್ಟಣದ ಸಂಗಮದಲ್ಲಿ ಅಂಬಿಗರನ್ನು ನೋಡಿ ಬೆಳೆದವರು ನಾವು. ಹುಟ್ಟನ್ನು ನೀರಿಗಿಟ್ಟು ತೋಳಿನಲ್ಲೇ ಎಳೆಯುತ್ತಾರೆ. ಅದನ್ನೇ ತಲೆಯಲ್ಲಿಟ್ಟುಕೊಂಡು ನಾನೂ ಮೊದಲ ದಿನ ತೋಳಿನಲ್ಲಿ ಎಳೆದೆ. ಹತ್ತು ನಿಮಿಷಕ್ಕೆ ಮೊಣಕೈ ಕೆಳಗೆ ಕಲ್ಲಾಯಿತು, ಅಂಗೈಯಲ್ಲಿ ನಾಲ್ಕು ಬೊಬ್ಬೆ. ಪಕ್ಕದಲ್ಲಿದ್ದ ಡ್ಯಾಂಪರ್ ಹಿಡಿಯನ್ನು ಬೇರೆ ಯಾರೋ 10ಕ್ಕೆ ಇಟ್ಟಿದ್ದರು. ಅದು ಗಾಳಿ ಎಷ್ಟು ಒಳಗೆ ಬರಬೇಕು ಅಂತ ತೀರ್ಮಾನಿಸುವ ಹಿಡಿ, ಸೈಕಲ್ಲಿನ ಗೇರ್ ಇದ್ದ ಹಾಗೆ. 10 ಅಂದರೆ ಜಾಸ್ತಿ ವ್ಯಾಯಾಮ ಅಂತ ಹುಡುಗರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಮೆಷಿನ್ನಿನ ಪುಟ್ಟ ಪರದೆ, ಅಂದರೆ ಮಾನಿಟರಿನ ಒಳಗೆ ಹುಡುಕಿದರೆ ಡ್ರ್ಯಾಗ್ ಫ್ಯಾಕ್ಟರ್ ಅಂತ ಒಂದು ಸಂಖ್ಯೆ ಸಿಗುತ್ತದೆ, ಗಾಳಿ ಚಕ್ರವನ್ನು ಎಷ್ಟು ತಡೆಯುತ್ತಿದೆ ಅಂತ ಹೇಳುವುದು, ನೋಡಬೇಕಾದದ್ದು ಅದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು, ಜೊತೆಗೆ ನಮ್ಮ ಜಾಲರಿಯಲ್ಲಿ ಎಷ್ಟು ಕಾಲದ ಧೂಳೋ. ಹಾಗಾಗಿ ಬೇರೆ ಊರಿನವರು 4ರಲ್ಲಿ ಇಟ್ಟುಕೊಂಡರೆ ನಾನು ಅಷ್ಟೇ ಡ್ರ್ಯಾಗಿಗೆ ಇನ್ನೂ ಸ್ವಲ್ಪ ಮೇಲೆ ಇಡಬೇಕು. ನಾನು 120ರ ಆಸುಪಾಸು ಇಟ್ಟುಕೊಳ್ಳುತ್ತೇನೆ. ಡ್ರ್ಯಾಗ್ ಎಷ್ಟೇ ಇರಲಿ, ಮಾನಿಟರ್ ಪ್ರತಿ ಸಲವೂ ಚಕ್ರ ನಿಧಾನವಾಗುವುದನ್ನು ಅಳೆದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಅದು ನನಗೆ ತುಂಬ ಹಿಡಿಸಿತು. ಇಲ್ಲಿ ಎಳೆದ 2000 ಮೀಟರ್, ಬಾಸ್ಟನ್ನಿನಲ್ಲಿ ಎಳೆದ 2000 ಮೀಟರ್ ಎರಡೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಸರಿಯಾಗಿ ಎಳೆಯೋದು ಕಲಿಯಲು ಒಂದು ತಿಂಗಳು ಹಿಡಿಯಿತು. ಮೊದಲು ಕಾಲು ಒದೆಯಬೇಕು, ಕಾಲು ನೀಟಾದ ಮೇಲೆ ಬೆನ್ನು ಹಿಂದಕ್ಕೆ, ಕಡೆಗೆ ಕೈ. ವಾಪಸ್ ಬರುವಾಗ ಉಲ್ಟಾ: ಕೈ, ಬೆನ್ನು, ಆಮೇಲೆ ಮಂಡಿ. ಬಲದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲಿನದು, ಕೈಯದು ತೀರಾ ಕಮ್ಮಿ. ಮುಂದಕ್ಕೆ ಬಂದಾಗ ಮೊಣಕಾಲಿನ ಕೆಳಗಿನ ಭಾಗ ನೆಟ್ಟಗೆ ನಿಲ್ಲುವಷ್ಟು ಬಂದರೆ ಸಾಕು, ಅದಕ್ಕಿಂತ ಮುಂದೆ ಹೋಗಬೇಡಿ ಅಂತ ಫಿಸಿಯೋ ಹೇಳಿದ್ದಾರೆ, ಮಂಡಿಗೆ ಅಷ್ಟು ಒಪ್ಪುತ್ತದೆ. ನೆಲಕ್ಕೆ ಕಾಲು ಬಡಿಯೋದೇ ಇಲ್ಲವಲ್ಲ. ಕಾಪಾಡಿಕೊಳ್ಳಬೇಕಾದದ್ದು ಸೊಂಟ. ಬೆನ್ನು ಬಾಗಿಸಿ ಎಳೆದರೆ ಬೇಗ ಹಿಡಿದುಕೊಳ್ಳುತ್ತದೆ.

ಇನ್ನು ಮೊದಲ ಟೈಮ್ ಟ್ರಯಲ್ ಕಥೆ, ಅಂದರೆ ಒಬ್ಬನೇ ಗಡಿಯಾರದ ಎದುರು 2000 ಮೀಟರ್ ಎಳೆದದ್ದು. ಇದನ್ನು ನಿನಗೇ ಹೇಳಬೇಕು, ಬೇರೆ ಯಾರಿಗೆ ಹೇಳಿದರೂ ಅರ್ಥವಾಗೋದಿಲ್ಲ.

ನಮ್ಮ ಮೇಷ್ಟ್ರು ಶ್ರೀರಾಮ್ ಸಿಂಗ್ ಕಥೆ ಹೇಳುತ್ತಿದ್ದದ್ದು ನೆನಪಿದೆಯಾ? 1976ರ ಮಾಂಟ್ರಿಯಲ್ ಒಲಿಂಪಿಕ್ಸ್, 800 ಮೀಟರ್ ಫೈನಲ್, ಕ್ಯೂಬಾದ ಹ್ವಾಂಟೊರೆನಾ ಇದ್ದ ರೇಸು, ಮೊದಲ ಸುತ್ತು ಪೂರ್ತಿ ಮುಂದೆ ಇದ್ದದ್ದು ನಮ್ಮ ಶ್ರೀರಾಮ್ ಸಿಂಗ್. ಏಳನೆಯವರಾಗಿ ಮುಗಿಸಿದರು, 1:45.77. ಆ ಟೈಮನ್ನು ಮುರಿಯಲು ಇನ್ನೊಬ್ಬ ಭಾರತೀಯನಿಗೆ 2018ರವರೆಗೆ ಬೇಕಾಯಿತು, ಜಿನ್ಸನ್ ಜಾನ್ಸನ್. ಮೇಷ್ಟ್ರು ಆ ಮೊದಲ ಸುತ್ತನ್ನು ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. "ಮೊದಲ ಸುತ್ತಿನಲ್ಲಿ ಹೆದರಿದವನು 800 ಓಡಬಾರದು" ಅನ್ನುತ್ತಿದ್ದರು. ಅದು ನನ್ನ ರಕ್ತದಲ್ಲಿ ಇಳಿದುಬಿಟ್ಟಿತ್ತು. 800ಕ್ಕೆ ಅದು ಸರಿಯೂ ಹೌದು, ಜಗತ್ತಿನ ದೊಡ್ಡ ಟೈಮುಗಳಲ್ಲಿ ಬಹಳಷ್ಟಕ್ಕೆ ಮೊದಲ ಸುತ್ತೇ ವೇಗವಾಗಿರುತ್ತದೆ.

ಹಾಗೇ ಇಲ್ಲೂ ಹೋದೆ. ಈ ಮೆಷಿನ್ನಿನಲ್ಲಿ ಎಲ್ಲ ಲೆಕ್ಕವೂ 500 ಮೀಟರಿಗೆ ಎಷ್ಟು ಹೊತ್ತು ಅಂತ, ಅದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಮೊದಲ 500 ಒಂದು ನಿಮಿಷ 50 ಸೆಕೆಂಡ್. ಹಾರಿದ ಹಾಗಿತ್ತು. ಎರಡನೆಯದು 2:08. ಮೂರನೆಯದು 2:22. ಆ ಮೂರನೆಯದರಲ್ಲಿ ಏನಾಯಿತು ಅಂತ ಹೇಗೆ ಹೇಳಲಿ? ಕಾಲು ಇದ್ದವು, ಒದೆಯುತ್ತಿರಲಿಲ್ಲ. ಉಸಿರು ಬರುತ್ತಿತ್ತು, ಸಾಕಾಗುತ್ತಿರಲಿಲ್ಲ. ನಮ್ಮ 800 ಎರಡು ನಿಮಿಷದೊಳಗೆ ಮುಗಿದು ಹೋಗುತ್ತಿತ್ತು, ಎಷ್ಟೇ ಉರಿದರೂ ಗೆರೆ ಕಣ್ಣೆದುರಿಗೇ ಇರುತ್ತಿತ್ತು. ಇಲ್ಲಿ ನಾಲ್ಕು ನಿಮಿಷ ಉರಿದ ಮೇಲೂ ಇನ್ನೂ ಅರ್ಧ ಬಾಕಿ. ಒಟ್ಟು 8:40. ಹಿಡಿ ಬಿಟ್ಟು ನೆಲದ ಮೇಲೆ ಅಂಗಾತ ಮಲಗಿದೆ, ಚಕ್ರ ಸುತ್ತುವ ಸದ್ದು ನಿಲ್ಲುವವರೆಗೆ ಮೇಲೇಳಲಿಲ್ಲ.

ಅಷ್ಟೊಂದು ಖುಷಿ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ ಗೊತ್ತಾ. ಯಾಕೆಂದರೆ ಒಂದು ಟೈಮ್ ಸಿಕ್ಕಿತ್ತು. ನನ್ನದೇ ಟೈಮ್. ಕೆಟ್ಟದ್ದೋ ಒಳ್ಳೆಯದೋ, ಅದನ್ನು ಕಮ್ಮಿ ಮಾಡಬಹುದು.

ಅವತ್ತಿನಿಂದ ವಾರಕ್ಕೆ ಐದು ದಿನ. ಮೂರು ದಿನ ನಿಧಾನ, ನಿಮಿಷಕ್ಕೆ 18ರಿಂದ 20 ಸ್ಟ್ರೋಕ್, ಮಾತಾಡಲು ಆಗುವಷ್ಟು ಉಸಿರಿನಲ್ಲಿ 40ರಿಂದ 50 ನಿಮಿಷ. ಒಂದು ದಿನ 500 ಮೀಟರ್ ಎಂಟು ಸಲ, ನಡುವೆ ಮೂರೂವರೆ ನಿಮಿಷ ಬಿಡುವು. ಇನ್ನೊಂದು ದಿನ 1000 ಮೀಟರ್ ನಾಲ್ಕು ಸಲ. ಓವಲ್ ಮೈದಾನದಲ್ಲಿ ಮಾಡುತ್ತಿದ್ದ 300 ಮೀಟರ್ ರಿಪೀಟುಗಳ ತಮ್ಮಂದಿರು ಇವು, ಮುಖ ನೋಡಿದ ಕೂಡಲೇ ಗುರುತು ಹಿಡಿದೆ. ಅವತ್ತು ನಾವು ಬಿಟ್ಟದ್ದು ನಿಧಾನದ ದಿನಗಳನ್ನು. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೂ ಪಂದ್ಯವೇ, ನಂದಿ ಹತ್ತಿರ ಯಾರು ಮೊದಲು ಅಂತ. ಈಗ ನಿಧಾನದ ದಿನಗಳೇ ನನ್ನನ್ನು ಕಟ್ಟುತ್ತಿವೆ.

ಡಿಸೆಂಬರಿನಲ್ಲಿ 8:03. ಸಂಕ್ರಾಂತಿ ಕಳೆದ ಮೇಲೆ 7:48: 1:57, 1:58, 1:59, ಕೊನೆಯದು 1:54. ನೋಡಿದೆಯಾ, ಮೊದಲ 500ರಲ್ಲಿ ಕೈ ಕಟ್ಟಿಕೊಂಡು ಕೂತಂತೆ ಕೂತಿದ್ದೆ. ಅದೇ ಎಲ್ಲಕ್ಕಿಂತ ಕಷ್ಟ.

ಈಗ ಗುರಿ. 7:30ರ ಒಳಗೆ. ಹದಿನೆಂಟು ಸೆಕೆಂಡ್ ತಾನೇ ಅನ್ನಬೇಡ. ಗಾಳಿಯ ಲೆಕ್ಕ ಬೇರೆ. ವೇಗ ಸ್ವಲ್ಪ ಏರಿದರೆ ಬೇಕಾಗುವ ಪವರ್ ಅದರ ಘನದಷ್ಟು ಏರುತ್ತದೆ. 7:48ಕ್ಕೆ ಸರಾಸರಿ 218 ವ್ಯಾಟ್ ಸಾಕು, 7:30ಕ್ಕೆ 246 ಬೇಕು. ಟೈಮಿನಲ್ಲಿ ನೂರಕ್ಕೆ 4 ಉಳಿಸಲು ಪವರಿನಲ್ಲಿ ನೂರಕ್ಕೆ 12ಕ್ಕಿಂತ ಜಾಸ್ತಿ ಬೇಕು. ನನ್ನ ತೂಕ 81ರಿಂದ 77ಕ್ಕೆ ಇಳಿದಿದೆ. ಗಂಡಸರಿಗೆ 75 ಕೆ.ಜಿ. ಒಳಗಿದ್ದರೆ ಲೈಟ್‌ವೇಟ್ ವಿಭಾಗ, ಇನ್ನೆರಡು ಕೆ.ಜಿ. ಇಳಿಸಿ ಅಂತ ಜಿಮ್ಮಿನ ಹುಡುಗ ಹೇಳಿದ. ಬೇಡ ಅಂದೆ. ಓಟದಲ್ಲಿ ನಮ್ಮ ಭಾರ ನಾವೇ ಹೊರಬೇಕಿತ್ತು, ಇಲ್ಲಿ ಸೀಟು ಹೊರುತ್ತದೆ. ಮುದ್ದೆ ಬಿಟ್ಟು ಬಲ ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ.

ಕಾನ್ಸೆಪ್ಟ್ ಟೂದವರದ್ದೇ ಆನ್‌ಲೈನ್ ಲಾಗ್‌ಬುಕ್ ಇದೆ. ಜಗತ್ತಿನ ಎಲ್ಲೇ ಎಳೆದರೂ ಟೈಮ್ ಅಲ್ಲಿ ಸೇರುತ್ತದೆ, ವಯಸ್ಸಿನ ಪ್ರಕಾರ ಪಟ್ಟಿ ಮಾಡುತ್ತಾರೆ. ನಾನು 40ರಿಂದ 49ರ ಗುಂಪು. ಅವರ ವರ್ಷ ಮೇ 1ಕ್ಕೆ ಶುರುವಾಗಿ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಈ ವರ್ಷದ ಪಟ್ಟಿಯಲ್ಲೇ ನನ್ನ 7:29 ಇರಬೇಕು. ಅದಾದ ಮೇಲೆ ನಿಜವಾದ ರೇಸು, ಪಕ್ಕಪಕ್ಕದಲ್ಲಿ ಮೆಷಿನ್ ಸಾಲಾಗಿಟ್ಟು, ಒಟ್ಟಿಗೆ ಶುರು ಮಾಡುವಂಥದ್ದು. ನಮ್ಮ ದೇಶದ ರೋಯಿಂಗ್ ಫೆಡರೇಶನ್ ಕೂಡ ಇಂಡೋರ್ ಪಂದ್ಯ ನಡೆಸುತ್ತದೆ. ಅಲ್ಲಿಗೆ ಹೋಗಬೇಕು, ನಂಬರ್ ಚೀಟಿ ಎದೆಗೆ ಚುಚ್ಚಿಕೊಳ್ಳಬೇಕು.

ದತ್ತು ಭೋಕನಲ್ ಕಥೆ ಗೊತ್ತಾ ನಿನಗೆ? ನಾಸಿಕ್ ಜಿಲ್ಲೆಯ ಬರದ ಊರಿನವನು, ಬಾವಿ ತೋಡುವ ಕೂಲಿ ಮಾಡಿದವನು. ಸೇನೆಗೆ ಸೇರಿದ ಮೇಲೆ ರೋಯಿಂಗ್ ಕಲಿತು 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದ, 2018ರ ಏಷ್ಯನ್ ಗೇಮ್ಸಿನಲ್ಲಿ ಇನ್ನು ಮೂವರ ಜೊತೆ ಚಿನ್ನ ತಂದ. ನೀರೇ ಇಲ್ಲದ ಊರಿನವನು. ನಾವು ಕಾವೇರಿ ಪಕ್ಕದಲ್ಲೇ ಬೆಳೆದು ಇಂಥದ್ದೊಂದು ಆಟ ಇದೆ ಅಂತಲೇ ತಿಳಿಯಲಿಲ್ಲ. ನಿನ್ನ ಆ ಉದ್ದ ಕಾಲು, ಆ ಅಗಲ ಬೆನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪ ತೀರಿಕೊಂಡ ವರ್ಷ ನೀನು ಸ್ಪೈಕ್ಸನ್ನು ಅಟ್ಟಕ್ಕೆ ಹಾಕಿದೆ, ಆಮೇಲೆ ಓಟದ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಿತ್ತು. ಆ ತಪ್ಪು ನನ್ನದು.

ಈಗ ಕೇಳುತ್ತಿದ್ದೇನೆ. ಯುಗಾದಿ ಕಳೆದು ಎರಡನೇ ಭಾನುವಾರ ಬೆಳಿಗ್ಗೆ ಏಳಕ್ಕೆ ಟ್ರಯಲ್ ಇಟ್ಟುಕೊಂಡಿದ್ದೇನೆ. ಅಷ್ಟು ಹೊತ್ತಿಗೆ ನಿನ್ನ ಕಬ್ಬೂ ಮುಗಿದಿರುತ್ತದೆ. ಹಿಂದಿನ ರಾತ್ರಿಯೇ ಮಂಡ್ಯದಿಂದ ಬಸ್ಸು ಹತ್ತಿ ಬಾ, ಮನೆಯಲ್ಲೇ ಮಲಗು, ಇವಳು ನಿನಗೆ ಉಪ್ಸಾರು ಮಾಡುತ್ತಾಳೆ. ಲೆಕ್ಕ ಹೀಗಿದೆ: ಮೊದಲ ಮೂರು 1:53, ಕೊನೆಯದು 1:50. ಮೊದಲ 500ರಲ್ಲಿ ನಾನು ಮೇಷ್ಟ್ರ ಮಾತು ಕೇಳಿ ಹಾರಲು ಹೋದರೆ ಬೈದು ಹಿಡಿದುಕೋ. ಎರಡನೆಯದರಲ್ಲಿ ಸುಮ್ಮನಿರು. 1000 ದಾಟಿದ ಮೇಲೆ ಬಲಗಡೆ ಬಂದು ನಿಂತುಕೋ, ನಾನು ತಲೆ ಎತ್ತುವುದಿಲ್ಲ, ಸದ್ದು ಕೇಳಿದರೆ ಸಾಕು. ಒಬ್ಬನೇ ಎಳೆದ ಮೂರು ಟ್ರಯಲಿನಲ್ಲೂ ಆ ಜಾಗದಲ್ಲಿ ನನಗೆ ಕೇಳಿಸಿದ್ದು ನಿನ್ನ ದನಿಯೇ.

ಒಂದು ಮಾತ್ರ ಬದಲಾಯಿಸಿಕೋ. ಈ ಸಲ ಕೈ ಅಂತ ಕೂಗಬೇಡ. ಕಾಲು ಅನ್ನು.

ನಿನ್ನ,
ಲೇನ್ ಮೂರರವನು