ಚಾವಣಿಯ ಮಳೆನೀರು ಒಳಚರಂಡಿಗೆ ಬೇಡ

ಮಾನ್ಯ ಸಂಪಾದಕರೇ,

ಮಳೆ ಬಂದ ಮಾರನೆಯ ದಿನ ನಮ್ಮ ದಾವಣಗೆರೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಸ್ತೆಗೆ ಹರಿಯಿತೆಂಬ ದೂರು ತಪ್ಪುವುದಿಲ್ಲ. ದೂರುವವರು ದೂರಲಿ. ಆ ನೀರು ಕೊನೆಗೆ ಬಂದು ಸೇರುವ ಜಾಗದಲ್ಲಿ ಕೆಲಸ ಮಾಡುವವಳು ನಾನು. ನನ್ನದೂ ಒಂದು ದೂರಿದೆ.

ಬಿ.ಎಸ್ಸಿ. ಮುಗಿಸಿ, ಯುಗಾದಿ ಮುಗಿದ ಮರುವಾರ ಕೊಳಚೆ ನೀರು ಶುದ್ಧೀಕರಣ ಘಟಕವೊಂದರ ಪ್ರಯೋಗಾಲಯಕ್ಕೆ ಸೇರಿದೆ. ಸಂಬಂಧಿಕರು ಕೇಳಿದರೆ ಅಮ್ಮ ಇಂದಿಗೂ ‘ನೀರಿನ ಕಡೆ ಕೆಲಸ’ ಎಂದಷ್ಟೇ ಹೇಳುತ್ತಾಳೆ. ವಾಸನೆಗೆ ಮೂಗು ಎಂಟು ದಿನದಲ್ಲಿ ಒಗ್ಗಿಕೊಂಡಿತು. ಒಗ್ಗಿಕೊಳ್ಳಲು ಹೊತ್ತು ಹಿಡಿದದ್ದು ಬೇರೆ ವಿಷಯಕ್ಕೆ: ಇಲ್ಲಿ ನೀರನ್ನು ತೊಳೆಯುವುದು ಯಂತ್ರವಲ್ಲ, ಜೀವ. ಬ್ಲೋವರ್ ಗಾಳಿ ಊದುವ ತೊಟ್ಟಿಯಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳು ಕೊಳೆಯನ್ನು ತಿಂದು ಬೆಳೆಯುತ್ತವೆ. ದಿನವೂ ಬೆಳಿಗ್ಗೆ ಆ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡುತ್ತೇನೆ. ಆ ಸೂಕ್ಷ್ಮಾಣುಗಳೇ ಗುಂಪುಗೂಡಿದ, ಕಾಫಿ ಪುಡಿಯ ಬಣ್ಣದ ಕೆಸರು ಮೆಲ್ಲಗೆ ತಳಕ್ಕೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರು 300 ಮಿಲಿಲೀಟರ್ ಗೆರೆಯ ಆಸುಪಾಸು ಕೂತರೆ ನಮ್ಮ ಹಿರಿಯ ಆಪರೇಟರ್ ‘ಹಿಟ್ಟು ಚೆನ್ನಾಗಿ ಹುದುಗಿದೆ ತಂಗೀ’ ಎಂದು ಹೇಳಿ ಚಹಾಕ್ಕೆ ಹೋಗುತ್ತಾರೆ.

ರೋಹಿಣಿ ಮಳೆ ಮೊದಲ ಬಾರಿಗೆ ಜೋರಾಗಿ ಸುರಿದ ರಾತ್ರಿಯ ಮರುದಿನ ಅವರು ಚಹಾಕ್ಕೆ ಹೋಗಲಿಲ್ಲ. ಜಾಡಿಯಲ್ಲಿ ಕೆಸರು 90ರ ಗೆರೆಗೆ ಇಳಿದಿತ್ತು. ಮೇಲಿನ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ರಾತ್ರಿ ನುಗ್ಗಿದ ನೀರಿನ ರಭಸಕ್ಕೆ ಕೆಸರು ತಳಕ್ಕೆ ಕೂರಲು ಪುರಸೊತ್ತೇ ಸಿಗದೆ, ವಾರಗಟ್ಟಲೆ ಸಾಕಿದ ಜೀವದ ಬಹುಪಾಲು ಹೊರಗೆ ಕೊಚ್ಚಿಹೋಗಿತ್ತು. ಜಾಡಿ ಮತ್ತೆ ಮೊದಲಿನಂತಾಗಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಅರೆಬರೆ ತೊಳೆದ ನೀರೇ ಹಳ್ಳಕ್ಕೆ ಹೋಯಿತು.

ಒಳಚರಂಡಿಯ ಕೊಳವೆಯನ್ನು ಬಚ್ಚಲು, ಅಡುಗೆಮನೆ, ಶೌಚಾಲಯದ ನೀರಿನ ಲೆಕ್ಕಕ್ಕೆ ಹಾಕಿರುತ್ತಾರೆ; ಮಳೆನೀರಿಗೆ ರಸ್ತೆ ಬದಿಯ ಚರಂಡಿ ಬೇರೆ. ಹಾಗಾದರೆ ಮಳೆ ಇಲ್ಲಿಗೆ ಬರುವುದು ಎಲ್ಲಿಂದ? ನಮ್ಮ ಚಾವಣಿಗಳಿಂದ. 30x40 ನಿವೇಶನದ ಮನೆಯ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಎರಡೂವರೆ ಸಾವಿರ ಲೀಟರ್ ನೀರು ಇಳಿಯುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಲೆಕ್ಕ ಹಾಕಿದರೆ ಐದು ಜನರ ಸಂಸಾರ ಮೂರು ನಾಲ್ಕು ದಿನ ಬಳಸುವ ನೀರು ಅದು. ಅದನ್ನು ಒಂದೇ ಗಂಟೆಯಲ್ಲಿ ಮನೆಯ ಒಳಚರಂಡಿ ಚೇಂಬರಿಗೆ ಬಿಟ್ಟರೆ ಮ್ಯಾನ್‌ಹೋಲ್ ಉಕ್ಕದೆ ಇನ್ನೇನು ಮಾಡೀತು?

ಈ ಲೆಕ್ಕವನ್ನು ಮನೆಯಲ್ಲಿ ಊಟಕ್ಕೆ ಕೂತಾಗ ದೊಡ್ಡದಾಗಿ ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ. ಅನುಮಾನ ಬಂದು ಹಿತ್ತಲಿಗೆ ಹೋಗಿ ಟಾರ್ಚ್ ಹಾಕಿ ನೋಡಿದರೆ, ನಮ್ಮ ಚಾವಣಿಯ ಪೈಪೂ ನೇರ ಚೇಂಬರಿನೊಳಗೆ ಇಳಿದಿದೆ! ಮನೆ ಕಟ್ಟಿಸುವಾಗ ಪ್ಲಂಬರ್ ‘ಅಂಗಳ ಕೆಸರಾಗುವುದಿಲ್ಲ’ ಎಂದು ಹೇಳಿ ಸೇರಿಸಿದ್ದನಂತೆ. ನಮ್ಮ ಬೀದಿಯ ಏಳು ಮನೆಗಳಿಗೆ ಅವನೇ ಪ್ಲಂಬರ್.

ಒಳಚರಂಡಿ ಸಂಪರ್ಕ ಕೊಡುವವರು ಅರ್ಜಿಯ ಜೊತೆಗೆ ಚಾವಣಿಯ ಪೈಪು ಎಲ್ಲಿಗೆ ಹೋಗಿದೆ ಎಂಬುದನ್ನೂ ಒಮ್ಮೆ ನೋಡಬೇಕು. ಈಗಾಗಲೇ ಕೊಟ್ಟಿರುವ ಕಡೆ, ಮಳೆ ಬರುವಾಗಲೇ ಛತ್ರಿ ಹಿಡಿದು ಬೀದಿಗೊಬ್ಬರು ಬಂದು ಚೇಂಬರಿನ ಮುಚ್ಚಳ ತೆಗೆಸಿ ನೋಡಿದರೆ ಕಾಗದಪತ್ರವೇ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ಕಾಯುವ ನಾವು ಮಳೆನೀರನ್ನು ಶೌಚಾಲಯದ ಕೊಳವೆಗೆ ಬಿಡುತ್ತೇವೆಂದರೆ ಹೊರಗಿನವರು ನಕ್ಕಾರು.

ನಮ್ಮ ಮನೆಯ ಪೈಪನ್ನು ಹೋದ ಭಾನುವಾರ ಕತ್ತರಿಸಿ ತೆಂಗಿನ ಮರದ ಬುಡಕ್ಕೆ ತಿರುಗಿಸಿದ್ದೇವೆ. ಒಂದು ಎಲ್ಬೋ, ಎರಡು ಮೀಟರ್ ಪೈಪು, ಅರ್ಧ ದಿನದ ಕೆಲಸ. ಅಂಗಳ ಕೆಸರಾಯಿತೆಂದು ಅಪ್ಪ ಇನ್ನೂ ಗೊಣಗುತ್ತಿದ್ದಾರೆ.

— ಓದುಗಳೊಬ್ಬಳು, ದಾವಣಗೆರೆ